ಬಿಸಿಲಿಗೂ ಆಲಿಕಲ್ಲಿಗೂ ಒಂದೇ ಚೀಲ: ಶ್ರೀಶೈಲ ಪಾದಯಾತ್ರೆಗೆ ಗಂಟು ಕಟ್ಟುವುದು ಹೇಗೆ?

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಧನಕವಡಿಯ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಪುಣೆಯ ನಮ್ಮ ಗುಂಪಿನವರು ಒಂದು ಭಾನುವಾರ ಚೀಲ ಹೊತ್ತು ಬಂದು ಹಾಲ್‌ನಲ್ಲಿ ಬಿಚ್ಚುತ್ತಾರೆ. ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು. ನಾನೇನು ದೊಡ್ಡ ಪಂಡಿತನಲ್ಲ. ಆರು ಸಲ ನಡೆದಿದ್ದೇನೆ. ಮೊದಲ ಎರಡು ಸಲ ಚೆನ್ನಾಗಿಯೇ ಫಜೀತಿ ಪಟ್ಟಿದ್ದೇನೆ, ಅಷ್ಟೇ.

ಕಳೆದ ಸಲ ಒಬ್ಬರ ಚೀಲದಿಂದ ಹೊರಬಿದ್ದ ಸಾಮಾನು ಕೇಳಿ: ಎರಡು ಜೀನ್ಸ್ ಪ್ಯಾಂಟು, ಇಸ್ತ್ರಿ ಮಾಡಿದ ಐದು ಅಂಗಿ, ಒಂದು ಸೊಲ್ಲಾಪುರ ಚಾದರ, ಎರಡು ಕಿಲೋ ಭಾಕರವಡಿ ಎಂಬ ಖಾರದ ಕುರುಕಲು ತಿಂಡಿ. ಮಳೆಗೆ ಏನು ತಂದಿದ್ದೀರಿ ಎಂದರೆ, "ಯುಗಾದಿಗೆ ಎಲ್ಲೀ ಮಳಿರೀ?" ಎಂದು ನಕ್ಕರು.

ಬರುತ್ತದೆ. ಬೆಳಿಗ್ಗೆಯಿಂದ ನೆಲ ಕಾದಿರುತ್ತದೆ. ರಾಯಚೂರು, ಕರ್ನೂಲು ಕಡೆ ಆಗ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸು. ಬಂಗಾಳಕೊಲ್ಲಿ ಕಡೆಯಿಂದ ತೇವದ ಗಾಳಿ ಸೇರಿತೋ, ಸಂಜೆ ನಾಲ್ಕರ ಹೊತ್ತಿಗೆ ಮೋಡ ಎದ್ದುಬಿಡುತ್ತದೆ. ಮೊದಲು ಧೂಳು, ಆಮೇಲೆ ಸಿಡಿಲು, ಆಮೇಲೆ ಅರ್ಧ ತಾಸು ಆಲಿಕಲ್ಲು. ನಮ್ಮ ಕಡೆ ಇದಕ್ಕೆ ಅಡ್ಡಮಳೆ ಅನ್ನುತ್ತಾರೆ. ಪುಣೆಯವರಿಗೆ ಇದು 'ಅವಕಾಳಿ'. ದಿನವೂ ಬರುವುದಿಲ್ಲ, ಕೆಲವು ವರ್ಷ ಬರುವುದೇ ಇಲ್ಲ. ತೊಂದರೆ ಇರುವುದೇ ಅಲ್ಲಿ.

ಮೊದಲು ತಾರೀಖು ನೋಡಿ

ಅಧಿಕ ಮಾಸದ ಲೆಕ್ಕದಿಂದಾಗಿ ಯುಗಾದಿ ಹಿಂದೆ ಮುಂದೆ ಓಡಾಡುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ನಡಿಗೆ ಶುರುವಾಗುವುದು ಅದಕ್ಕೂ ಹತ್ತು ದಿನ ಮೊದಲು. ಮಾರ್ಚ್ ಮೊದಲಾರ್ಧದಲ್ಲಿ ಬಯಲಲ್ಲಿ ಮಲಗಿದರೆ ಬೆಳಗಿನ ಜಾವ ಚಳಿ ಹತ್ತುತ್ತದೆ. ಏಪ್ರಿಲ್‌ನಲ್ಲಿ ಹೊದಿಕೆಯೇ ಬೇಡ ಅನ್ನಿಸುತ್ತದೆ. ಆದ್ದರಿಂದ ಹೋದ ವರ್ಷದ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಯುಗಾದಿ ಬೇಗ ಬಂದ ವರ್ಷ ಒಂದು ತೆಳು ಉಣ್ಣೆ ಶಾಲು ಸೇರಿಸಿ, ತಡವಾಗಿ ಬಂದರೆ ಅದನ್ನು ತೆಗೆದು ಇನ್ನೊಂದು ನೀರಿನ ಬಾಟಲಿ ಇಡಿ.

ಎರಡು ಚೀಲ ಮಾಡಿ, ಒಂದನ್ನು ಮರೆತುಬಿಡಿ

ಎಲ್ಲ ಗುಂಪಿನ ಜತೆಗೂ ಒಂದು ಟೆಂಪೋ ಇರುತ್ತದೆ. ಭಾರವೆಲ್ಲ ಅದಕ್ಕೆ ಹಾಕಿ ಕೈಬೀಸಿಕೊಂಡು ನಡೆಯುವ ಆಸೆ ಎಲ್ಲರಿಗೂ. ನನಗೂ ಇತ್ತು. ಮೊದಲ ವರ್ಷ ರಾಯಚೂರು ಬಿಟ್ಟ ಎರಡನೇ ದಿನ ಸಂಜೆ ಆಲಿಕಲ್ಲು ಬಿತ್ತು. ನನ್ನ ಒಣ ಬಟ್ಟೆ, ಹೊದಿಕೆ, ಮಾತ್ರೆ ಎಲ್ಲ ಟೆಂಪೋದಲ್ಲಿ. ಟೆಂಪೋ ಎಂಟು ಕಿಲೋಮೀಟರ್ ಮುಂದೆ, ಊಟದ ವ್ಯವಸ್ಥೆಗೆ ಹೋಗಿತ್ತು. ಒಂದು ಶಾಲೆಯ ಪಡಸಾಲೆಯಲ್ಲಿ ಒದ್ದೆ ಪಂಚೆಯಲ್ಲೇ ಮೂರು ತಾಸು ಕೂತೆ. ಕೆಮ್ಮು ಶ್ರೀಶೈಲದ ತನಕ ಬಿಡಲಿಲ್ಲ.

ಟೆಂಪೋದ ಚೀಲಕ್ಕೆ ಏನು ಬೇಕಾದರೂ ಹಾಕಿ, ನಾನು ತಕರಾರು ಮಾಡುವುದಿಲ್ಲ. ಆದರೆ ಒಂದು ರಾತ್ರಿ ಕಳೆಯಲು ಬೇಕಾದದ್ದೆಲ್ಲ ಬೆನ್ನ ಮೇಲೆ ಇರಬೇಕು. ಮುಂದೆ ವೆಂಕಟಾಪುರದ ಹತ್ತಿರ ನಲ್ಲಮಲ ಕಾಡು ಹೊಕ್ಕ ಮೇಲೆ ಟೆಂಪೋ ಆತ್ಮಕೂರಿನಿಂದ ದೋರ್ನಾಲ ಸುತ್ತಿ ರಸ್ತೆಯಲ್ಲಿ ಹೋಗುತ್ತದೆ. ನೀವು ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ದಾಟಿ ಕೈಲಾಸದ್ವಾರ ಮುಟ್ಟುವವರೆಗೆ ಹೆಗಲ ಚೀಲವೇ ಗತಿ.

ಚೀಲ ಒಳಗಿನಿಂದ ಒಣಗಿರಲಿ

ಎಲ್ಲರೂ ತಪ್ಪುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಜನ ಚೀಲದ ಹೊರಗೆ ಕವರ್ ಹಾಕುತ್ತಾರೆ. ಚೀಲದ ಜತೆ ಪುಕ್ಕಟೆ ಬರುವ ಆ ರೇನ್ ಕವರ್ ಮುಂಬೈ ಲೋಕಲ್‌ಗೆ ಸರಿ. ಬಯಲುಸೀಮೆಯ ಗಾಳಿಗೆ ಅದು ಗಾಳಿಪಟ. ಹಾರದೆ ಉಳಿದರೂ ಬೆನ್ನಿನ ಕಡೆ ತೆರೆದೇ ಇರುತ್ತದೆ. ನೀರು ಕುತ್ತಿಗೆಯಿಂದ ಇಳಿದು, ಹೆಗಲ ಪಟ್ಟಿಯ ಹೊಲಿಗೆಯಲ್ಲಿ ಒಳಗೆ ಸೇರುತ್ತದೆ. ಬೆವರೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಚೀಲ ನೆನೆಯಲಿ ಬಿಡಿ. ಒಳಗಿನ ಸಾಮಾನು ನೆನೆಯಬಾರದು, ಅಷ್ಟೇ.

ಪುಣೆಯ ರವಿವಾರ ಪೇಠೆಯ ಬೋಹರಿ ಆಳಿ ಎಂಬ ಅಂಗಡಿ ಓಣಿಗೆ ಹೋಗಿ ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಚೀಲ ಒಂದು ತನ್ನಿ. ನಿಮ್ಮ ಚೀಲಕ್ಕಿಂತ ಒಂದೂವರೆ ಪಟ್ಟು ಉದ್ದ ಇರಲಿ. ಕಸದ ಬುಟ್ಟಿಗೆ ಹಾಕುವ ಕಪ್ಪು ಚೀಲ ಬೇಡ, ಎರಡನೇ ದಿನಕ್ಕೆ ಹರಿಯುತ್ತದೆ. ಪ್ರತಿ ಅಂಗಿಗೂ ಒಂದೊಂದು ಕ್ಯಾರಿಬ್ಯಾಗ್ ಸುತ್ತುವವರೂ ಇದ್ದಾರೆ. ಬೆಳಗಿನ ಮೂರು ಗಂಟೆಗೆ ನಲವತ್ತು ಜನ ಮಲಗಿರುವ ಛತ್ರದಲ್ಲಿ ಅವರು ಪರಪರ ಶುರು ಮಾಡಿದರೆ ಶ್ರೀಶೈಲದ ಮಲ್ಲಯ್ಯನೇ ಕಾಪಾಡಬೇಕು.

ಖಾಲಿ ಚೀಲದೊಳಗೆ ಈ ಪ್ಲಾಸ್ಟಿಕ್ ಚೀಲ ಇಳಿಸಿ, ಬಾಯನ್ನು ಹೊರಗೆ ಮಡಚಿ. ತಳದಲ್ಲಿ ರಾತ್ರಿಯ ಹೊದಿಕೆ. ಅದರ ಮೇಲೆ ಒಂದು ಪೂರ್ತಿ ಜೊತೆ ಒಣ ಬಟ್ಟೆ. ಇದು ಮಲಗುವಾಗ ಮಾತ್ರ ತೊಡುವ ಬಟ್ಟೆ. ಬೆಳಿಗ್ಗೆ ನಿನ್ನೆಯ ಅಂಗಿ ಇನ್ನೂ ಹಸಿ ಇದ್ದರೂ ಅದನ್ನೇ ಹಾಕಿಕೊಂಡು ನಡೆಯಿರಿ, ಅರ್ಧ ತಾಸಿನಲ್ಲಿ ಮೈಮೇಲೇ ಒಣಗುತ್ತದೆ. "ಇವತ್ತೊಂದಿನ" ಎಂದು ಒಣ ಜೊತೆಯನ್ನು ಹಾಕಿಕೊಂಡು ಹೊರಟವರು ರಾತ್ರಿ ಎರಡು ಜೊತೆ ಒದ್ದೆ ಬಟ್ಟೆ ಹಿಡಿದು ಕೂರುತ್ತಾರೆ. ಬಟ್ಟೆಯ ಮೇಲೆ ಕಾಲುಚೀಲ, ಔಷಧಿ ಡಬ್ಬಿ, ಕಾಗದಪತ್ರ.

ಈಗ ಮೊಣಕಾಲಿನಿಂದ ಮೆಲ್ಲಗೆ ಒತ್ತಿ ಗಾಳಿ ಹೊರಹಾಕಿ. ಪ್ಲಾಸ್ಟಿಕ್ಕಿನ ಬಾಯನ್ನು ಹಗ್ಗದ ಹಾಗೆ ಎಂಟು ಹತ್ತು ಸುತ್ತು ತಿರುವಿ. ತಿರುವಿದ್ದನ್ನು ಮಧ್ಯಕ್ಕೆ ಬಗ್ಗಿಸಿ ಜೋಡಿ ಮಾಡಿ. ಆ ಜೋಡಿಗೆ ರಬ್ಬರ್ ಬಳೆ ಹಾಕಿ. ಬಳೆಗೆ ದುಡ್ಡು ಕೊಡಬೇಡಿ, ಪಂಕ್ಚರ್ ಅಂಗಡಿಯಲ್ಲಿ ಹಳೆ ಸೈಕಲ್ ಟ್ಯೂಬ್ ಕೇಳಿದರೆ ನಾಲ್ಕು ಕತ್ತರಿಸಿಕೊಡುತ್ತಾರೆ. ಗಂಟು ಮಾತ್ರ ಹಾಕಲೇಬೇಡಿ. ಒದ್ದೆ ಬೆರಳಿಗೆ ಪ್ಲಾಸ್ಟಿಕ್ಕಿನ ಗಂಟು ಬಿಚ್ಚುವುದಿಲ್ಲ. ಸಿಟ್ಟಿಗೆದ್ದು ಹರಿಯುತ್ತೀರಿ, ಅಲ್ಲಿಗೆ ಮುಗಿಯಿತು.

ನೆನೆದರೂ ನಡೆಯುವ ಸಾಮಾನು, ಅಂದರೆ ತಟ್ಟೆ, ಲೋಟ, ಚಪ್ಪಲಿ, ಬಟ್ಟೆ ಒಣಗಿಸುವ ಹಗ್ಗ, ಎಲ್ಲ ಪ್ಲಾಸ್ಟಿಕ್ಕಿನ ಹೊರಗೆ. ಒದ್ದೆ ಟವೆಲ್ ಅಂತೂ ಒಳಗೆ ಹೋಗಲೇಕೂಡದು. ಇಷ್ಟೆಲ್ಲ ಮಾಡಿ ಕೊನೆಗೆ ಸ್ನಾನದ ಟವೆಲ್ ಒಳಗೆ ತುರುಕಿ ಬಾಯಿ ಕಟ್ಟಿದವರನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೊಂದು ಬಲೆಚೀಲ ಹೊರಗೆ ನೇತುಹಾಕಿ.

ಆಮೇಲೆ ಪರೀಕ್ಷೆ. ಪ್ಲಾಸ್ಟಿಕ್ಕಿನೊಳಗೆ ಮೇಲೆ, ಕೆಳಗೆ, ಬದಿಗೆ ಹಳೆ ಪೇಪರಿನ ಹಾಳೆ ಇಡಿ. ಚೀಲವನ್ನು ಬಚ್ಚಲಿನಲ್ಲಿ ಷವರ್ ಕೆಳಗೆ ಹತ್ತು ನಿಮಿಷ ನಿಲ್ಲಿಸಿ, ಅರ್ಧಕ್ಕೆ ತಿರುಗಿಸಿ. ಬಿಚ್ಚಿ ನೋಡಿದಾಗ ಯಾವ ಹಾಳೆ ಮೆತ್ತಗಾಗಿದೆಯೋ ಅಲ್ಲಿ ತೂತು. ಮನೆಯವರು ಬೈಯುತ್ತಾರೆ. ಬೈಯಲಿ.

ಮೈಗೆ ಏನು?

ಜೀನ್ಸ್ ಬೇಡ. ನೆನೆದರೆ ಭಾರ, ಒಣಗಲು ಎರಡು ದಿನ, ತೊಡೆ ಸಂದಿಯಲ್ಲಿ ಉಜ್ಜಿ ಉಜ್ಜಿ ರಕ್ತ. ದಪ್ಪ ಹತ್ತಿಯದ್ದೂ ಬೇಡ. ಹಗಲಿಗೆ ಪಾಲಿಯೆಸ್ಟರ್ ಕಲಸಿದ ಸಡಿಲ ಪೂರ್ತಿ ತೋಳಿನ ಅಂಗಿ, ರಾತ್ರಿಗೆ ತೆಳು ಪಂಚೆ. ಟವೆಲ್ ಕೂಡ ತೆಳುವೇ ಇರಲಿ, ಟರ್ಕಿ ಟವೆಲ್ ಟೆಂಪೋಕ್ಕೆ.

"ಅಕ್ಕಮಹಾದೇವಿ ಏನ್ ಕಟ್ಗೊಂಡ್ ಹೋಗಿದ್ಲು ಶ್ರೀಶೈಲಕ್ಕ, ಹೇಳ್ರಿ?" ಎಂದು ಪಕ್ಕದ ಮನೆ ಕಾಕು ಒಮ್ಮೆ ನನ್ನ ಬಾಯಿ ಮುಚ್ಚಿಸಿದರು. ಮಾತು ಸರಿಯೇ. ಆದರೆ ಅವರದೇ ಚೀಲದಲ್ಲಿ ಏಳು ಸೀರೆ ಇದ್ದವು. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆ ಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಒಂದು ಸೀರೆ, ಕುಬಸ ಒಯ್ಯಲೇಬೇಕು, ಅದನ್ನು ಪ್ರತ್ಯೇಕ ಜಿಪ್ ಕವರಿನಲ್ಲಿ ಇಡಿ. ನಡೆಯುವವರಿಗೆ ಚೂಡಿದಾರ ಒಳ್ಳೆಯದು. ಸೀರೆಯೇ ಬೇಕೆಂದರೆ ಹಗುರ ಸಿಂಥೆಟಿಕ್ ಎರಡು ಸಾಕು. ಕಾಕು ಈಗ ಎರಡನ್ನೇ ಒಯ್ಯುತ್ತಾರೆ, ನನ್ನ ಮಾತು ಕೇಳಿ ಅಂತ ಮಾತ್ರ ಒಪ್ಪುವುದಿಲ್ಲ.

ಸೊಲ್ಲಾಪುರ ಚಾದರದ ಮೇಲೆ ನನಗೆ ಪ್ರೀತಿ ಇದೆ, ಮನೆಯಲ್ಲಿ. ದಪ್ಪ ಹತ್ತಿ, ನೀರು ಕುಡಿದರೆ ಎತ್ತಲು ಇಬ್ಬರು ಬೇಕು. ಕಂಬಳಿ ಒದ್ದೆಯಾದರೂ ಬೆಚ್ಚಗಿಡುತ್ತದೆ, ಆದರೆ ಅದೂ ಭಾರವೇ.

ಮಳೆಗೆ ಛತ್ರಿ ನಂಬಬೇಡಿ, ಅದು ಬಿಸಿಲಿಗೆ. ರೇನ್‌ಕೋಟ್ ತೊಟ್ಟು ನಡೆದರೆ ಒಳಗೆ ಬೆವರಿನಲ್ಲೇ ನೆನೆಯುತ್ತೀರಿ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ತೆಳು ರೇನ್‌ಕೋಟು ತೊಡುವಾಗಲೇ ಬಗಲಲ್ಲಿ ಹರಿಯುತ್ತದೆ. ನನ್ನ ಆಯ್ಕೆ ನಮ್ಮ ಹೊಲದವರದ್ದೇ: ಕೊಪ್ಪೆ. ಎರಡು ಮೀಟರ್ ದಪ್ಪ ಪ್ಲಾಸ್ಟಿಕ್ ಹಾಳೆ ತಂದು, ಒಂದು ಮೂಲೆಯನ್ನು ಇನ್ನೊಂದಕ್ಕೆ ಸೇರಿಸಿ ತಲೆಗೆ ಹಾಕಿಕೊಂಡರೆ ಬೆನ್ನ ಮೇಲಿನ ಚೀಲವೂ ಮುಚ್ಚುತ್ತದೆ. ಕೆಳಗಿನಿಂದ ಗಾಳಿ ಆಡುತ್ತದೆ. ರಾತ್ರಿ ಹಸಿ ನೆಲಕ್ಕೆ ಅದೇ ಹಾಸು. ಇದು ಚೀಲದ ಎಲ್ಲಕ್ಕಿಂತ ಮೇಲೆ ಇರಬೇಕು, ಹನಿ ಬಿದ್ದಾಗ ಹುಡುಕುತ್ತ ಕೂರುವ ಹಾಗಿರಬಾರದು.

ಸಿಡಿಲಿಗೆ ಮಾತ್ರ ಕೊಪ್ಪೆಯೂ ಇಲ್ಲ, ಬೇವಿನ ಮರವೂ ಇಲ್ಲ. ನಮ್ಮ ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್ ಸುತ್ತಲಿನ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲಿನ ಸುದ್ದಿ ಕೊಡುತ್ತದೆ. ಫೋನಿಗೆ ಹಾಕಿಕೊಳ್ಳಿ. ಎಚ್ಚರಿಕೆ ಬಂದರೆ ಒಂಟಿ ಮರ, ಕರೆಂಟ್ ಕಂಬ ಬಿಟ್ಟು ಗಟ್ಟಿ ಕಟ್ಟಡ ಹಿಡಿಯಿರಿ. ಕಾಡಿನೊಳಗೆ ನೆಟ್‌ವರ್ಕ್ ನಂಬುವಂತಿಲ್ಲ, ಅಲ್ಲಿ ಕಿವಿ, ಕಣ್ಣು.

ಕಾಲು

ಹೊಸ ಶೂ ಬೇಡ. ತಿಂಗಳಾದರೂ ಪುಣೆಯ ಪರ್ವತಿ ಗುಡ್ಡ ಹತ್ತಿ ಇಳಿದು ಪಳಗಿಸಿದ್ದು ಇರಲಿ, ಒಂದು ನಂಬರ್ ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ನೆನೆದ ಚರ್ಮ ಮೆತ್ತಗಾಗಿ ಬೇಗ ಗುಳ್ಳೆ ಏಳುತ್ತದೆ, ಆದ್ದರಿಂದ ಮಳೆ ನಿಂತ ಕೂಡಲೇ ಕಾಲುಚೀಲ ಬದಲಿಸಿ. ಉರಿ ಶುರುವಾದ ಜಾಗಕ್ಕೆ ಆಗಲೇ ಪ್ಲಾಸ್ಟರ್ ಟೇಪ್ ಹಚ್ಚಿ, "ಮುಂದಿನ ಊರಲ್ಲಿ ನೋಡೋಣ" ಅನ್ನಬೇಡಿ. ಒದ್ದೆ ಶೂಗೆ ರಾತ್ರಿ ಪೇಪರ್ ತುರುಕಿಡಿ. ಬರಿಗಾಲ ಹರಕೆಯವರೂ ಒಂದು ಜೊತೆ ಚಪ್ಪಲಿ ಚೀಲದಲ್ಲಿಟ್ಟಿರಲಿ. ಮಧ್ಯಾಹ್ನದ ಡಾಂಬರು ಹರಕೆ ಕೇಳುವುದಿಲ್ಲ.

ಉಳಿದದ್ದು

ಟಾರ್ಚ್, ಆಧಾರ್ ಪ್ರತಿ, ಎರಡು ಕಡೆ ಹಂಚಿಟ್ಟ ದುಡ್ಡು, ದಿನದ ಮಾತ್ರೆ, ಪವರ್ ಬ್ಯಾಂಕ್. ದಾರಿಯುದ್ದಕ್ಕೂ ದಾಸೋಹ ಇರುತ್ತದೆ, ಊಟ ಹೊರಬೇಡಿ. ಸ್ವಲ್ಪ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಭಾಕರವಡಿ ಬರೀ ಬಾಯಾರಿಕೆ.

ಓಆರ್‌ಎಸ್ ಪುಡಿಯ ಪೊಟ್ಟಣ ಆರು ಇರಲಿ. ದೊಡ್ಡ ಪೊಟ್ಟಣ 20.5 ಗ್ರಾಂ ಇರುತ್ತದೆ, ಅದು ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರಿಗೆ ಸುರಿದು "ಸ್ಟ್ರಾಂಗ್" ಮಾಡಬೇಡಿ. ಸಿಹಿ ಪೇಯದ ಟೆಟ್ರಾ ಪ್ಯಾಕ್ ಇದರ ಬದಲಿಗೆ ಆಗುವುದಿಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಎಂದು ಬರೆಯುವುದನ್ನೇ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ನಿಲ್ಲಿಸಿತು.

ಕಾಡಿಗೆ ಎರಡು ಲೀಟರ್ ನೀರು ಹಿಡಿಯುವ ಗಟ್ಟಿ ಬಾಟಲಿ ಬೇಕು. ಅದು ಹುಲಿ ರಕ್ಷಿತಾರಣ್ಯ, ಬಳಸಿ ಎಸೆಯುವ ಪ್ಲಾಸ್ಟಿಕ್ ಅಲ್ಲಿ ಬಿಡಬಾರದು. ನಿಮ್ಮ ಕೊಪ್ಪೆಯ ಹಾಳೆ ಹರಿದರೂ ಮಡಚಿ ವಾಪಸ್ ತನ್ನಿ. ಭೀಮುನಿಕೊಲನಿನ ಕಲ್ಲು ಮೆಟ್ಟಿಲು ಇಳಿಯುವಾಗ ಮಳೆ ಬಂದಿದ್ದರೆ ಒಂದು ಕೋಲು ಬೇಕೇಬೇಕು, ಅದಕ್ಕೇ ಎರಡೂ ಕೈ ಖಾಲಿ ಇರಲಿ ಅನ್ನುವುದು.

ಕೊನೆಗೆ ತೂಕ. ನೀರೂ ಸೇರಿ ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ದಾಟಬಾರದು. ಅರವತ್ತು ಕಿಲೋ ಇದ್ದರೆ ಆರು ಕಿಲೋ. ಮನೆಯಲ್ಲಿ ಕಾಟಾ ಇಲ್ಲದಿದ್ದರೆ ಮೂಲೆಯ ರದ್ದಿ ಅಂಗಡಿಗೆ ಒಯ್ಯಿರಿ. ನಮ್ಮ ರದ್ದಿಯವನು ಮೊದಲ ವರ್ಷ ನನ್ನ ಚೀಲ ತೂಗಿ ಹನ್ನೊಂದೂವರೆ ಎಂದು ಹೇಳಿ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ್ದ.

ಟೆಂಪೋದ ಚೀಲದ ತಳದಲ್ಲಿ ಒಂದು ಜೊತೆ ಒಗೆದ ಬಟ್ಟೆ, ಒಂದು ಸಾಬೂನು ಮುಟ್ಟದೆ ಉಳಿಸಿಡಿ. ಅದು ರಾಯಚೂರಿನಿಂದ ಪುಣೆಗೆ ಬರುವ ರೈಲಿಗೆ. ಆ ಬೋಗಿಯಲ್ಲಿ ಪಾದಯಾತ್ರೆ ಮಾಡದ ಜನವೂ ಕೂತಿರುತ್ತಾರೆ, ಅಲ್ವಾ?