ನಾಯಿಯ ರಕ್ತದಲ್ಲಿ ಪರಜೀವಿ: ಸ್ಲೈಡ್ ಮಾಡುವುದು, ನೋಡುವುದು, ಲೆಕ್ಕ ಹಿಡಿಯುವುದು

ಜ್ವರ ಇದೆ, ಒಸಡು ಬಿಳಿಚಿದೆ, ಮೈಮೇಲೆ ರಕ್ತ ಹೀರುವ ಉಣ್ಣೆಗಳಿವೆ, ಆದರೂ ಸ್ಲೈಡ್ ನೆಗೆಟಿವ್. ಹೀಗಾದಾಗ ಮೊದಲು ಕೇಳಬೇಕಾದದ್ದು: ರಕ್ತ ಎಲ್ಲಿಂದ ತೆಗೆದಿರಿ? ಉಣ್ಣೆಯಿಂದ ಹರಡುವ ಪರಜೀವಿ ಬಬೇಸಿಯಾ ಹೊಕ್ಕ ಕೆಂಪು ಕಣಗಳು ಸೂಕ್ಷ್ಮ ರಕ್ತನಾಳಗಳಲ್ಲಿ ತಂಗುತ್ತವೆ. ಹಾಗಾಗಿ ಕಾಲಿನ ರಕ್ತನಾಳಕ್ಕಿಂತ ಕಿವಿಯ ಅಂಚನ್ನು ಚುಚ್ಚಿ ಬಂದ ಮೊದಲ ಹನಿಯೇ ಮೇಲು. ಸ್ಪಿರಿಟ್ ಒರೆಸಿದ ಮೇಲೆ ಪೂರ್ತಿ ಆರಲು ಬಿಡಿ. ಹಸಿ ಇದ್ದರೆ ರಕ್ತಕಣಗಳು ಒಡೆಯುತ್ತವೆ.

ಹನಿ ಚಿಕ್ಕದಿರಲಿ. ತಳ್ಳುವ ಸ್ಲೈಡನ್ನು 30–45 ಡಿಗ್ರಿ ಓರೆಯಲ್ಲಿ ಹಿಡಿದು ಒಂದೇ ಬೀಸಿಗೆ ತಳ್ಳಿ, ರಕ್ತ ತೆಳುವಾದ ಲೇಪವಾಗಿ ಹರಡಲಿ. ರಕ್ತಹೀನತೆ ಇರುವ ನಾಯಿಯ ರಕ್ತ ತೆಳು, ಓರೆ ಹೆಚ್ಚಿಸಿ, ಬೇಗ ತಳ್ಳಿ. ತಕ್ಷಣ ಗಾಳಿಯಲ್ಲಿ ಬೀಸಿ ಒಣಗಿಸಿ. ನಿಧಾನವಾಗಿ ಒಣಗಿದರೆ ಕೆಂಪು ಕಣಗಳೊಳಗೆ ಹೊಳೆಯುವ ಗುಳ್ಳೆಗಳು ಮೂಡುತ್ತವೆ, ಹೊಸಬರು ಅವನ್ನೇ ಪರಜೀವಿ ಎನ್ನುತ್ತಾರೆ. ಲೇಪವನ್ನು ಗಾಜಿಗೆ ಗಟ್ಟಿಯಾಗಿ ಹಿಡಿಸುವ ಮೆಥನಾಲ್ ನೀರು ಹೀರಿಕೊಂಡಿದ್ದರೂ ಇದೇ ತೊಂದರೆ, ಆದ್ದರಿಂದ ಬಾಟಲಿ ಬಿಗಿಯಾಗಿ ಮುಚ್ಚಿಡಿ.

ಮೆಥನಾಲ್‌ನಲ್ಲಿ 3–5 ನಿಮಿಷ. ಬಳಿಕ ಒಂದು ಪಾಲು ಜೀಮ್ಸಾ ಬಣ್ಣಕ್ಕೆ ಒಂಬತ್ತು ಪಾಲು ಬಫರ್ (ಪಿಎಚ್ 7.2ರಲ್ಲಿ ಸ್ಥಿರವಾಗಿರುವ ದ್ರಾವಣ), 20–30 ನಿಮಿಷ. ಬೆರೆಸಿದ ಬಣ್ಣ ಅಂದಂದಿಗೆ ಮಾತ್ರ. ತೊಳೆಯುವಾಗ ಬಣ್ಣ ಚೆಲ್ಲಬೇಡಿ. ಸ್ಲೈಡಿನ ಮೇಲೆ ನೀರು ಹರಿಸಿ ಅದು ತೇಲಿ ಹೋಗಲಿ, ಇಲ್ಲದಿದ್ದರೆ ಬಣ್ಣದ ಮೇಲೆ ಕಟ್ಟಿದ ಕೆನೆ ರಕ್ತಕಣಗಳಿಗೆ ಅಂಟಿಕೊಳ್ಳುತ್ತದೆ.

ಮೊದಲು 10x ಮಸೂರದಲ್ಲಿ ಇಡೀ ಸ್ಲೈಡ್: ಮೈಕ್ರೋಫೈಲೇರಿಯಾ (ಫೈಲೇರಿಯಾ ಹುಳುವಿನ ಮರಿಗಳು) ಇಲ್ಲೇ ಸಿಗುವುದು. ನಂತರ ಎಣ್ಣೆ ಹಾಕಿ 100xನಲ್ಲಿ ಕನಿಷ್ಠ 200 ಕ್ಷೇತ್ರ, ಲೇಪದ ಅಂಚು ಮತ್ತು ಬಾಲ ಬಿಡದೆ. ಕೆಂಪು ಕಣದೊಳಗೆ ಜೋಡಿ ಪೇರಳೆಯಂತಿದ್ದರೆ ಬಬೇಸಿಯಾ ವೋಗೆಲಿ, ಪುಟ್ಟ ಉಂಗುರವಾದರೆ ಬಬೇಸಿಯಾ ಗಿಬ್ಸೋನಿ. ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್‌ನಲ್ಲಿ ಉದ್ದುರುಂಟಾದ ಕ್ಯಾಪ್ಸೂಲಿನಂಥದ್ದು ಕಂಡರೆ ಅದು ಹೆಪಟೋಝೂನ್ ಎಂಬ ಪರಜೀವಿ. ಇದು ಕಚ್ಚಿದ ಉಣ್ಣೆಯಿಂದಲ್ಲ, ನಾಯಿ ನುಂಗಿದ ಉಣ್ಣೆಯಿಂದ ಬರುತ್ತದೆ. ಉಣ್ಣೆಯಿಂದಲೇ ಹರಡುವ ಎರ್ಲಿಕಿಯಾ ಪರಜೀವಿಯಲ್ಲ, ಬ್ಯಾಕ್ಟೀರಿಯಾ. ಮತ್ತೊಂದು ಬಗೆಯ ಬಿಳಿ ರಕ್ತಕಣಗಳಾದ ಮೊನೊಸೈಟ್‌ಗಳಲ್ಲಿ ಅಪರೂಪಕ್ಕೆ ಕಾಣುತ್ತದೆ, ರಕ್ತವನ್ನು ಸುತ್ತಿಸಿದಾಗ ಬಿಳಿ ಕಣಗಳು ಸೇರುವ ಪದರದ (ಬಫಿ ಕೋಟ್) ಲೇಪ ಮಾಡಿದರೆ ಅವಕಾಶ ಹೆಚ್ಚು. ಕೆಂಪು ಕಣದ ಮೇಲೆ ಕುಳಿತ ಪ್ಲೇಟ್‌ಲೆಟ್ ಸುತ್ತ ತಿಳಿ ವಲಯ ಕಂಡೀತು, ಮೋಸ ಹೋಗಬೇಡಿ. ಬಣ್ಣದ ಚುಕ್ಕೆಯಾದರೆ ಫೋಕಸ್ ತಿರುಗಿಸಿದಾಗ ಕಣದ ಮಟ್ಟದಿಂದ ಬೇರೆಯಾಗುತ್ತದೆ.

ಊರಿನ ನಾಯಿಗಳಲ್ಲಿ ಎಷ್ಟು ಪಾಲಿಗೆ ಸೋಂಕಿದೆ ಎಂದು ಹೇಳಹೊರಟರೆ ಇಷ್ಟು ಸಾಲದು. ಆಸ್ಪತ್ರೆಗೆ ಬಂದ ರೋಗಿ ನಾಯಿಗಳನ್ನಷ್ಟೇ ಎಣಿಸಿದರೆ ಪ್ರಮಾಣ ಉಬ್ಬುತ್ತದೆ. ಬರಿ ಸ್ಲೈಡ್ ನೋಡಿದರೆ ಕುಗ್ಗುತ್ತದೆ, ದೀರ್ಘಕಾಲದ ಸೋಂಕಿನಲ್ಲಿ ಪರಜೀವಿ ವಿರಳವಾಗಿರುವುದರಿಂದ ಪರಜೀವಿಯ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಹೆಚ್ಚು ಹಿಡಿಯುತ್ತದೆ. ಪ್ರತಿಕಾಯದ ಕಿಟ್ ಹೇಳುವುದು ಹಿಂದೆ ಎಂದೋ ಸೋಂಕು ತಾಗಿತ್ತು ಎಂಬುದನ್ನೂ ಆಗಿರಬಹುದು. 95% ಖಚಿತತೆ, ±5% ಅಂತರ ಬೇಕಾದರೆ, ಪ್ರಮಾಣ ಗೊತ್ತಿಲ್ಲದಾಗ, ಯಾದೃಚ್ಛಿಕವಾಗಿ ಆರಿಸಿದ ಸುಮಾರು 385 ನಾಯಿಗಳು ಬೇಕು. ವರದಿಯಲ್ಲಿ ಶೇಕಡಾವಾರಿನ ಪಕ್ಕದಲ್ಲೇ ಯಾವ ಪರೀಕ್ಷೆ, ಯಾವ ತಿಂಗಳು, ಯಾವ ನಾಯಿಗಳು ಎಂಬುದನ್ನೂ ಬರೆಯಿರಿ.