ಮನಸ್ಸಿನ ಬೇಜಾರು ಎಷ್ಟಾದರೆ ಆಸ್ಪತ್ರೆಗೆ ಹೋಗಬೇಕು?

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವ ಬಹಳ ಜನ ಬೇಜಾರು ಅಂತ ಹೇಳುವುದೇ ಇಲ್ಲ. ಸುಸ್ತು, ತಲೆಭಾರ, ನಿದ್ದೆ ಇಲ್ಲ ಅನ್ನುತ್ತಾರೆ. ಅವರಿಗೆ ಅಳು ಬರುತ್ತದಾ ಅಂತ ನಾನು ಮೊದಲು ಕೇಳುವುದಿಲ್ಲ. "ಮನೇಲಿ ಅಡುಗೆ ಯಾರು ಮಾಡ್ತಿದ್ದಾರೆ? ಹಸುಗೆ ಹುಲ್ಲು ಯಾರು ಹಾಕ್ತಿದ್ದಾರೆ?" ಅಂತ ಕೇಳುತ್ತೇನೆ. ಖಿನ್ನತೆ ಎಷ್ಟಿದೆ ಅನ್ನುವುದು ದಿನದ ಕೆಲಸದಲ್ಲಿ ಬೇಗ ಗೊತ್ತಾಗುತ್ತದೆ.

ಅಳೆಯಲು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಇದೆ. ಕಳೆದ 2 ವಾರ ಆಸಕ್ತಿ, ನಿದ್ದೆ, ಹಸಿವು, ಗಮನ ಹೇಗಿತ್ತು ಅಂತ ಒಟ್ಟು 9 ಪ್ರಶ್ನೆ. ತೊಂದರೆ ಇಲ್ಲವೇ ಇಲ್ಲ ಅಂದರೆ 0, ಹೆಚ್ಚುಕಮ್ಮಿ ದಿನವೂ ಇದ್ದರೆ 3. ಕೂಡಿದಾಗ 5ರಿಂದ 9 ಬಂದರೆ ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಸ್ವಲ್ಪ ತೀವ್ರ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ.

ಸೌಮ್ಯ ಅಂದರೆ ಕೆಲಸ ಸಾಗುತ್ತದೆ, ರುಚಿ ಇರುವುದಿಲ್ಲ. ನಂಬಿಕೆ ಇರುವವರ ಹತ್ತಿರ ಮಾತಾಡಿ, ಹೊತ್ತಿಗೆ ಸರಿಯಾಗಿ ಮಲಗಿ, ನಡೆದಾಡಿ, 2 ವಾರ ಬಿಟ್ಟು ಮತ್ತೆ ಅಂಕ ನೋಡಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಬನ್ನಿ.

ಬಟ್ಟೆ ಹೊಲಿಯುವ ಒಬ್ಬರು ಬಂದಿದ್ದರು. "ಬೇಜಾರೇನಿಲ್ಲ ಮೇಡಂ, ಕಾಲು ಸೆಳೆತ ಅಷ್ಟೆ" ಅಂದರು. ಕೆಲಸದ ಬಗ್ಗೆ ಕೇಳಿದೆ. ಸೂಜಿಗೆ ದಾರ ಪೋಣಿಸಿ, ಮಷಿನ್ ತುಳಿಯದೆ ಮಧ್ಯಾಹ್ನದವರೆಗೆ ಹಾಗೇ ಕೂತಿರುತ್ತಾರಂತೆ. ಮದುವೆಯವರ ರವಿಕೆಗಳೆಲ್ಲ ಹಾಗೇ ಬಿದ್ದಿದ್ದವು. ಅಂಕ ಹಾಕಿದರೆ 16! ಇಂಥವರಿಗೆ ಧೈರ್ಯ ತಂದುಕೋ ಅಂದರೆ ಸಾಲದು. ಚಿಕಿತ್ಸೆಯೇ ಬೇಕು.

9ನೇ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಅಂಕ ಎಷ್ಟು ಕಮ್ಮಿ ಇದ್ದರೂ ಇದಕ್ಕೆ ಹೌದು ಅಂದರೆ ಅವತ್ತೇ ಸಹಾಯ ಪಡೆಯಬೇಕು. 14416 ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೇಗೆ ಸಾಯಬೇಕು ಅಂತ ಯೋಚಿಸಿಟ್ಟಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಕೀಟನಾಶಕ, ಮಾತ್ರೆ ಮನೆಯಿಂದಲೇ ಆಚೆ ಸಾಗಿಸಿ, ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. "ಸಾಯಬೇಕು ಅನಿಸುತ್ತಾ?" ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿಯಾಗುತ್ತದೆ. ಬಾಣಂತಿಯರಲ್ಲಂತೂ ಇಂಥ ಯೋಚನೆಯನ್ನು ಸುಮ್ನೆ ಬಿಡಲೇಬಾರದು.

ಥೈರಾಯ್ಡ್ ತೊಂದರೆಯಿಂದಲೂ ಇಂಥ ಬೇಜಾರು, ಸುಸ್ತು ಬರಬಹುದು, ಡಾಕ್ಟರು ರಕ್ತಪರೀಕ್ಷೆ ಬರೆದರೆ ಮಾಡಿಸಿ. ಮಾತ್ರೆ ಕೊಟ್ಟರೆ ಗುಣ ಕಾಣಲು 2ರಿಂದ 4 ವಾರ ಬೇಕು. ವಾರಕ್ಕೇ ಬಿಡಬೇಡಿ. ಹುಷಾರಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಬರುವಾಗ ಮನೆಯವರೊಬ್ಬರು ಜೊತೆಗಿರಲಿ. ರೋಗಿ "ಏನಿಲ್ಲ" ಅನ್ನುವಾಗ, ಊಟ ಬಿಟ್ಟು ಎಷ್ಟು ದಿನವಾಯಿತು ಅಂತ ಹೇಳುವವರು ಅವರೇ ಅಲ್ವಾ.