ಸಂಧಿವಾತವನ್ನು ಫೋನಿನಲ್ಲಿ ನೋಡಿಕೊಳ್ಳುವುದು: ಗಡಿನಾಡಿನಲ್ಲಿ ನಾವು ಮಾಡುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನಮ್ಮಲ್ಲಿಗೆ ಬರುವ ಸಂಧಿವಾತದ ರೋಗಿಗಳು ತಜ್ಞರನ್ನು ಕಾಣಲು ಮಂಗಳೂರಿಗೇ ಹೋಗಬೇಕು. ಬೆಳಗ್ಗೆ ಎದ್ದ ಕೂಡಲೇ ಕೈಕಾಲು ಬಿಗಿ ಹಿಡಿಯುವ ಕಾಯಿಲೆ ಇದು. ಅಂಥವರಿಗೆ ಮೊದಲ ಬಸ್ಸು ಹತ್ತುವುದೇ ಶಿಕ್ಷೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯೂ ಇಲ್ಲವಾಯಿತು. ಅದೇ ಹೊತ್ತಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊರೊನಾಕ್ಕೆ ಮದ್ದೆಂದು ಸುದ್ದಿಯಾಗಿ, ವರ್ಷಗಟ್ಟಲೆ ಅದನ್ನು ನುಂಗುತ್ತಿದ್ದ ಲೂಪಸ್ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗುವ ಕಾಯಿಲೆ) ರೋಗಿಗಳು ಅದಕ್ಕಾಗಿ ಅಂಗಡಿ ಅಂಗಡಿ ಅಲೆಯಬೇಕಾಯಿತು. ಆ ತಿಂಗಳ 25ರಂದು ಹೊರಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ನಮಗೆ ದೊಡ್ಡದಾಗಿ ಕಂಡ ಮಾತು ಒಂದೇ: ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನೂ ದೂರದಿಂದ ನೋಡಬಹುದು. ಗಡಿಯ ಆಚೆ ವೈದ್ಯರು, ಈಚೆ ರೋಗಿ ಇರುವ ಊರಿಗೆ ಇದು ಬೇಕೇ ಬೇಕಿತ್ತು.

ಆದರೆ ಮೊದಲ ಭೇಟಿ ಫೋನಿನಲ್ಲಿ ಆಗಕೂಡದು. ರೋಗ ಯಾವುದೆಂದು ತೀರ್ಮಾನಿಸುವುದು, ಮದ್ದು ಶುರು ಮಾಡುವುದು ಎರಡೂ ಎದುರಾಎದುರು ಆಗಬೇಕು. ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ 2022ರಲ್ಲಿ ಕೊಟ್ಟ ಸಲಹೆಯೂ ಇದೇ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಮಳೆಗಾಲದ ಚಿಕೂನ್‌ಗುನ್ಯ ಜ್ವರ ಇಳಿದ ಮೇಲೂ ಕೈಗೆಣ್ಣುಗಳು ತಿಂಗಳುಗಟ್ಟಲೆ ಬಾತಿರುತ್ತವೆ. ಪರದೆಯಲ್ಲಿ ಅದೂ ಸಂಧಿವಾತವೂ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಮಂಗಳೂರಿಗೆ, ನಡುವೆ ವೀಡಿಯೊ ಎಂದು ಇಟ್ಟುಕೊಂಡಿದ್ದೇವೆ. ನೇರ ಭೇಟಿಯಾಗಿ 6 ತಿಂಗಳೊಳಗೆ ಅದೇ ವೈದ್ಯರು ಅದೇ ಕಾಯಿಲೆಗೆ ನೋಡಿದರೆ ಮಾತ್ರ ಮಾರ್ಗಸೂಚಿ ಅದನ್ನು ಮುಂದುವರಿದ ತಪಾಸಣೆ ಎನ್ನುತ್ತದೆ. ಈ ಲೆಕ್ಕಕ್ಕೂ ಅದು ಸರಿಹೊಂದುತ್ತದೆ.

ವೀಡಿಯೊದ ದೊಡ್ಡ ಕೊರತೆ ಎಂದರೆ ಬೆರಳಿಲ್ಲದಿರುವುದು. ಗಂಟಿನಲ್ಲಿ ತುಂಬಿದ ನೀರು, ಊದಿದ ಪೊರೆ ಒತ್ತಿದಾಗ ಮೆತ್ತಗೆ ತಗ್ಗುತ್ತದೆ. ಹಳೆಯ ಸವೆತದ ಗಂಟು ಕಲ್ಲಿನ ಹಾಗೆ ನಿಲ್ಲುತ್ತದೆ. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಆ ಬೆರಳನ್ನು ರೋಗಿಯ ಮನೆಯಲ್ಲೇ ತಯಾರು ಮಾಡಬೇಕು. ನೇರ ಭೇಟಿಯ ದಿನ ಜೊತೆಗೆ ಬಂದ ಮಗಳಿಗೋ ಸೊಸೆಗೋ ಗಂಟು ಒತ್ತುವುದನ್ನು ಕಲಿಸುತ್ತೇವೆ. ಒತ್ತುವವರ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು, ಅಂದರೆ ಸುಮಾರು 4 ಕಿಲೊ ಒತ್ತಡ ಬೇಕು. ತಕ್ಕಡಿಯ ತಟ್ಟೆಯನ್ನು ಹೆಬ್ಬೆರಳಿನಿಂದ ನಾಲ್ಕೈದು ಸಲ ಒತ್ತಿಸಿದರೆ ಕೈಗೆ ಅಂದಾಜು ಸಿಗುತ್ತದೆ. ಒತ್ತಬೇಕಾದ್ದು 28 ಗಂಟು: ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಎರಡೆರಡು, ಅಂಗೈ ಬುಡದ ಗೆಣ್ಣು ಹತ್ತು, ಬೆರಳ ನಡುಗೆಣ್ಣು ಹತ್ತು. ಪಾದ ಈ ಲೆಕ್ಕದಲ್ಲಿಲ್ಲ. ಆದರೆ ನಮ್ಮವರು ಮನೆಯೊಳಗೆ ಬರಿಗಾಲಲ್ಲಿ ನಡೆಯುವವರು. ಪಾದದ ಮುಂಭಾಗವನ್ನು ಎರಡೂ ಪಕ್ಕದಿಂದ ಹಿಂಡಿ ನೋಡದಿದ್ದರೆ ಅರ್ಧ ನೋವು ಲೆಕ್ಕಕ್ಕೇ ಬಾರದು.

ಚಿತ್ರಗಳು ಹಿಂದಿನ ದಿನ ಸಂಜೆಯೇ ಬರಬೇಕು. ಕರೆಯ ನಡುವೆ ನೆಟ್‌ವರ್ಕ್ ಇಳಿದರೆ ಗಂಟಿನ ಅಂಚು ಮಸುಕಾಗುತ್ತದೆ, ಬಾವು ಮೊದಲು ಮರೆಯಾಗುವುದೇ ಅಲ್ಲಿ. ಜಗಲಿಯಲ್ಲಿ ಕುಳಿತು, ಬೆಳಕು ಒಂದು ಪಕ್ಕದಿಂದ ಬೀಳುವಂತೆ, ಕಡುಬಣ್ಣದ ಬಟ್ಟೆಯ ಮೇಲೆ ಎರಡೂ ಕೈ ಊರಿ ಒಂದು ಚಿತ್ರ. ಮುಷ್ಟಿ ಬಿಗಿದು ಗೆಣ್ಣುಗಳು ಸಾಲಾಗಿ ಕಾಣುವಂತೆ ಇನ್ನೊಂದು. ಈ ಎರಡನೆಯದರಲ್ಲೇ ಬೆಲೆಯಿರುವುದು. ಸರಿಯಿದ್ದ ಕೈಯಲ್ಲಿ ಗೆಣ್ಣು ಗುಡ್ಡವಾಗಿ, ಎರಡು ಗೆಣ್ಣಿನ ನಡುವೆ ಸಣ್ಣ ಕಣಿವೆ ಕಾಣುತ್ತದೆ. ಬಾವು ಬಂದಾಗ ಮೊದಲು ತುಂಬುವುದು ಆ ಕಣಿವೆ. ಫ್ಲ್ಯಾಶ್ ಹಾಕಿದರೆ ನೆರಳು ಹೋಗಿ ಕಣಿವೆಯೂ ಹೋಗುತ್ತದೆ. ಮುಂದಿನ ಕ್ಯಾಮೆರಾದ ಬ್ಯೂಟಿ ಮೋಡ್ ಅದಕ್ಕಿಂತ ಕೆಟ್ಟದ್ದು, ಚರ್ಮವನ್ನೇ ನಯಮಾಡಿಬಿಡುತ್ತದೆ. ಹಿಂದಿನ ಕ್ಯಾಮೆರಾವನ್ನೇ ಬಳಸಿ. ಕರೆಯಲ್ಲಿ ನೋಡುವುದು ಚಲನೆ: ಮುಷ್ಟಿ ಹಿಡಿದಾಗ ಬೆರಳ ತುದಿ ಅಂಗೈಗೆ ತಾಗುತ್ತದೆಯೇ, ಕೈ ಮುಗಿದು ಮೊಣಕೈ ಎತ್ತಿದಾಗ ಮಣಿಕಟ್ಟು ಪೂರ್ತಿ ಮಡಚುತ್ತದೆಯೇ, ಮೊಣಕಾಲ ಚಿಪ್ಪಿನ ಎರಡೂ ಬದಿಯ ತಗ್ಗು ಉಳಿದಿದೆಯೇ.

ಇಷ್ಟಾದರೂ ಡಿಎಎಸ್‌ 28 ಎಂಬ, ರೋಗ ಎಷ್ಟು ಜೋರಾಗಿದೆ ಎಂದು ಅಳೆಯುವ ಅಂಕವನ್ನು ವೀಡಿಯೊ ನೋಡಿ ಬರೆಯುವುದು ತಪ್ಪು. ಬಾತ ಗಂಟಿನ ಎಣಿಕೆ ಅದರ ಜೀವ, ಅದೇ ನಮ್ಮ ಕೈಯಲ್ಲಿಲ್ಲ. ರೋಗಿಯೇ ಹೇಳುವ ರ‍್ಯಾಪಿಡ್‌ 3 ದೂರದ ತಪಾಸಣೆಗೆ ತಕ್ಕದ್ದು: ಕೆಲಸ, ನೋವು, ಒಟ್ಟು ಆರೋಗ್ಯ, ಮೂರಕ್ಕೂ 0ಯಿಂದ 10. ಒಟ್ಟು 3ರೊಳಗಿದ್ದರೆ ರೋಗ ಹೆಚ್ಚುಕಡಿಮೆ ಶಾಂತ, 12 ದಾಟಿದರೆ ಜೋರು. ಕಡತದಲ್ಲಿ ಯಾವ ಅಂಕ ಎಂದು ಹೆಸರು ಬರೆಯದಿದ್ದರೆ ಮುಂದಿನ ಭೇಟಿಯಲ್ಲಿ ಎರಡು ಅಳತೆ ಬೆರೆತು ಅವಾಂತರವಾಗುತ್ತದೆ. ಅಂಕದ ಜೊತೆಗೆ ಪ್ರತಿಯೊಬ್ಬರಿಗೂ ಅವರದೇ ಕೆಲಸದ ಒಂದು ಪ್ರಶ್ನೆ ಇಟ್ಟಿದ್ದೇವೆ. ಬೀಡಿ ಕಟ್ಟುವವರಿಗೆ ನಿನ್ನೆ ಎಷ್ಟು ಕಟ್ಟಿದಿರಿ ಎಂದು, ತೋಟದವರಿಗೆ ಅಡಿಕೆ ಸುಲಿಯಲು ಎಷ್ಟು ಹೊತ್ತು ಕೂತಿರಿ ಎಂದು, ಮನೆವಾರ್ತೆಯವರಿಗೆ ಹೆರೆಮಣೆಯಲ್ಲಿ ಒಂದು ಕಾಯಿ ಪೂರ್ತಿ ಹೆರೆಯಲು ಆಯಿತೇ ಎಂದು. ಇದನ್ನು ಅಂಕಕ್ಕೆ ಸೇರಿಸುವುದಿಲ್ಲ. ಅದೇ ರೋಗಿಯ ಹಿಂದಿನ ತಿಂಗಳಿಗೆ ಹೋಲಿಸಲು ಮಾತ್ರ. ಬೆಳಗಿನ ಬಿಗಿತವನ್ನು ಎಷ್ಟು ನಿಮಿಷ ಎಂದು ಕೇಳಿದರೆ ಉತ್ತರ ಅಂದಾಜಿನದು. ಎದ್ದದ್ದು ಎಷ್ಟು ಗಂಟೆಗೆ, ಕೈ ಸರಾಗವಾದದ್ದು ಎಷ್ಟು ಗಂಟೆಗೆ ಎಂದು ಕೇಳಿ ನಾವೇ ಕಳೆಯಬೇಕು.

ಭಾಷೆಯೂ ಇಲ್ಲಿ ತಪಾಸಣೆಯ ಭಾಗ. ಮಲಯಾಳಂ ಮನೆಮಾತಿನವರು ‘ಮುಟ್ಟಿಲ್ ನೀರ್’ ಎಂದರೆ ಮೊಣಕಾಲಿನಲ್ಲಿ ಬಾವು. ಬಯಲುಸೀಮೆಯಿಂದ ಬಂದ ವೈದ್ಯರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಅದಕ್ಕೆ ಕೈಯಿಟ್ಟು ತೋರಿಸಿ ಎನ್ನುವುದೇ ಉತ್ತಮ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಮೆಥೊಟ್ರೆಕ್ಸೇಟ್ ವಿಷಯದಲ್ಲಿ. ಇದು ವಾರಕ್ಕೆ ಒಂದೇ ದಿನ ನುಂಗುವ ಸಂಧಿವಾತದ ಮದ್ದು. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಅಪಾಯ. ವಾರ ನಿಗದಿ ಮಾಡುವಾಗ ಸೋಮವಾರ ಬೇಡ: ಅದು ಮಲಯಾಳಂನಲ್ಲಿ ‘ತಿಂಗಳ್’, ಕನ್ನಡದವರಿಗೆ ತಿಂಗಳು ಎಂದರೆ ಬೇರೆ. ಬುಧವಾರ ಕನ್ನಡ, ತುಳು, ಮಲಯಾಳಂ ಮೂರಕ್ಕೂ ಹತ್ತಿರ, ಆದ್ದರಿಂದ ಮೆಥೊಟ್ರೆಕ್ಸೇಟ್ ಬುಧವಾರ, ಅದರ ಅಡ್ಡಪರಿಣಾಮ ತಗ್ಗಿಸುವ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಶನಿವಾರ. ಎರಡೂ ಹಳದಿಯ ಸಣ್ಣ ಮಾತ್ರೆಗಳು, ಅದಲುಬದಲಾದರೆ ಗೊತ್ತೇ ಆಗದು. ಬೇರೆ ಬೇರೆ ಡಬ್ಬಿ ಬೇಕು. 2.5 ಮಿಲಿಗ್ರಾಂ ಮಾತ್ರೆ ಮಾತ್ರ ಬರೆಯುತ್ತೇವೆ, 10ರದ್ದನ್ನು ಬೆರೆಸುವುದಿಲ್ಲ. ಅಂಗಡಿಯವರು 10ರ ಮಾತ್ರೆಯ ಪಟ್ಟಿ (ಸ್ಟ್ರಿಪ್) ಕೊಟ್ಟು ರೋಗಿ ಹಳೆಯ ಲೆಕ್ಕದಲ್ಲಿ ಆರು ನುಂಗಿದರೆ 15ರ ಬದಲು 60 ಮಿಲಿಗ್ರಾಂ ಒಳಗೆ ಹೋಗುತ್ತದೆ. ವಾರಕ್ಕೆ 15 ಎಂದರೆ ನಾಲ್ಕು ವಾರಕ್ಕೆ 24 ಮಾತ್ರೆ. ಖಾಲಿ ಪಟ್ಟಿಯನ್ನು ಎಸೆಯದೆ ಕ್ಯಾಮೆರಾಕ್ಕೆ ಹಿಡಿಯಲು ಹೇಳಿ ಎಣಿಸುತ್ತೇವೆ. 24ಕ್ಕಿಂತ ಹೆಚ್ಚು ಖಾಲಿಯಾಗಿದ್ದರೆ ಉಳಿದ ಮಾತು ಆಮೇಲೆ, ಅದೇ ದಿನ ರಕ್ತಪರೀಕ್ಷೆ.

ಪರೀಕ್ಷೆಗೆ ರಕ್ತವನ್ನು ಸೋಮವಾರ ಅಥವಾ ಮಂಗಳವಾರ ಕೊಡಿಸುತ್ತೇವೆ. ಮಾತ್ರೆ ನುಂಗಿದ ಮಾರನೆಯ ದಿನ ಯಕೃತ್ತಿನ ಸ್ಥಿತಿ ತೋರುವ ಎಸ್‌ಜಿಪಿಟಿ ತುಸು ಏರಿ ಸುಮ್ಮನೆ ಗಾಬರಿಯಾಗುತ್ತದೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ, ಮದ್ದಿನ ಪ್ರಮಾಣ ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ. ಬಿಳಿ ರಕ್ತಕಣ 3,500ರ ಕೆಳಗೆ, ಪ್ಲೇಟ್‌ಲೆಟ್ 1,40,000ದ ಕೆಳಗೆ, ಎಸ್‌ಜಿಪಿಟಿ 100ರ ಮೇಲೆ ಹೋದರೆ ಮುಂದಿನ ಬುಧವಾರ ಮಾತ್ರೆ ಇಲ್ಲ, ತಜ್ಞರಿಗೆ ಫೋನು. ಈ ಗೆರೆಗಳು ಬ್ರಿಟನ್ನಿನ ಸಂಧಿರೋಗ ತಜ್ಞರ ಸಂಘದ 2017ರ ಮಾರ್ಗಸೂಚಿಯವು. ಪ್ರಯೋಗಾಲಯದ ವರದಿಯನ್ನು ಫೋನಿನಲ್ಲಿ ಓದಿ ಹೇಳಿಸಬೇಡಿ, ಸೊನ್ನೆ ತಪ್ಪುತ್ತದೆ. ಇಡೀ ಹಾಳೆಯ ಚಿತ್ರ ತರಿಸಿ, ಮೇಲಿನ ದಿನಾಂಕ ಕಾಣಲಿ. ಲೂಪಸ್ ಇದ್ದವರಿಗೆ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆ ಇಲ್ಲದೆ ವೀಡಿಯೊ ಕರೆಯನ್ನೇ ಇಟ್ಟುಕೊಳ್ಳುವುದಿಲ್ಲ. ಮೂತ್ರಪಿಂಡ ಕೆಡುವಾಗ ಮುಖದಲ್ಲಿ ಏನೂ ಕಾಣದು.

ಮೂತ್ರದ ಉರಿಗೆ ಹತ್ತಿರದಲ್ಲಿ ತೋರಿಸಿ ಕೊಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ತಂದು ನುಂಗುವುದು ಇನ್ನೊಂದು ಅಪಾಯ. ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಅದು ರಕ್ತದ ಕಣಗಳನ್ನು ಉರುಳಿಸುತ್ತದೆ. ಈ ಎರಡು ಹೆಸರನ್ನು ಚೀಟಿಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಯಾವ ವೈದ್ಯರ ಬಳಿ ಹೋದರೂ ತೋರಿಸಿ ಎಂದು ಹೇಳುತ್ತೇವೆ.

ಫೋನು ಹಿಡಿದು ಕೂರಲೇಬಾರದ ಸಂದರ್ಭಗಳೂ ಇವೆ. ಜ್ವರದೊಂದಿಗೆ ಒಂದೇ ಗಂಟು ಬಿಸಿಯಾಗಿ ಕೆಂಪಗೆ ಊದಿದರೆ ಕೀವು ಇರಬಹುದು, ಆ ದಿನವೇ ಆಸ್ಪತ್ರೆ. ಬೆನ್ನುಮೂಳೆಯ ವಾತ ಇದ್ದವರ ಕಣ್ಣು ಕೆಂಪಾಗಿ ನೋಯುತ್ತ ಬೆಳಕು ಸಹಿಸದಿದ್ದರೆ ಕಣ್ಣಿನ ವೈದ್ಯರು. ಮೆಥೊಟ್ರೆಕ್ಸೇಟ್ ನುಂಗುವವರಿಗೆ ಒಣ ಕೆಮ್ಮು, ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ನೇರ ತಪಾಸಣೆ. ಸ್ಟೀರಾಯ್ಡ್ ಮದ್ದಾದ ಪ್ರೆಡ್ನಿಸೊಲೋನ್ ಮಾತ್ರ ಯಾವ ಕಾರಣಕ್ಕೂ ತಟ್ಟನೆ ನಿಲ್ಲಿಸಬಾರದು.

ಕರೆ ಮುಗಿಸುವ ಮುನ್ನ ಇಷ್ಟನ್ನು ಕೇಳುತ್ತೇವೆ: “ಅಮ್ಮಾ, ಬರುವ ಬುಧವಾರ ಎಷ್ಟು ಮಾತ್ರೆ? ಗುರುವಾರ ಎಷ್ಟು?” ಬುಧವಾರಕ್ಕೆ ಆರು, ಗುರುವಾರಕ್ಕೆ ಇಲ್ಲ ಎಂದು ಅವರ ಬಾಯಿಂದಲೇ ಬರಬೇಕು. ತಡವರಿಸಿದರೆ ಫೋನನ್ನು ಮಗಳ ಕೈಗೆ ಕೊಡಿಸಿ ಇನ್ನೊಮ್ಮೆ ಮೊದಲಿನಿಂದ.